ಸೋರಿಯಾಸಿಸ್‌ಗೆ ಲೇಸರ್ ಮತ್ತು ಮುಲಾಮು: ಯಾವುದರ ಜೊತೆ ಯಾವುದು, ಯಾವ ಹೊತ್ತಿಗೆ

ಸೋರಿಯಾಸಿಸ್ ಎಂದರೆ ಚರ್ಮ ದಪ್ಪಗಟ್ಟಿ, ಹೊಟ್ಟೆದ್ದ ಕಲೆಗಳು ಮೂಡುವ ರೋಗ. ಅದಿರುವ ಹೆಚ್ಚಿನವರಿಗೆ ಅದು ಮೈತುಂಬ ಹರಡಿರುವುದಿಲ್ಲ. ಮೊಣಕೈ, ಮೊಣಕಾಲು, ಸೊಂಟದ ಹಿಂಭಾಗ, ತಲೆ, ಹೀಗೆ ಕೆಲವೇ ಜಾಗಗಳಲ್ಲಿ ಹಟ ಹಿಡಿದು ಕೂತಿರುತ್ತದೆ. ಮುಲಾಮು ಹಚ್ಚಿದರೆ ಇಳಿಯುತ್ತದೆ, ಬಿಟ್ಟರೆ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ. ವರ್ಷಗಟ್ಟಲೆ ಹೀಗೇ ನಡೆದ ಮೇಲೆ ಯಾರೋ ಲೇಸರ್ ವಿಷಯ ಹೇಳುತ್ತಾರೆ. ಆಗ ಬಹುತೇಕ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಮುಲಾಮು ಬಿಟ್ಟು ಲೇಸರ್ ಮಾಡಿಸಲೇ?

ಹೀಗೆ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಲೇಸರ್ ಮತ್ತು ಮುಲಾಮು ಒಂದೇ ಕಲೆಯ ಮೇಲೆ ಬೇರೆ ಬೇರೆ ಕೆಲಸ ಮಾಡುತ್ತವೆ. ಸರಿಯಾಗಿ ಜೋಡಿಸಿದರೆ ಕಡಿಮೆ ಸಿಟಿಂಗ್‌ಗಳಲ್ಲಿ, ಕಡಿಮೆ ಬೆಳಕಿನಲ್ಲಿ ಕೆಲಸ ಮುಗಿಯುತ್ತದೆ. ತಪ್ಪು ಹೊತ್ತಿನಲ್ಲಿ ಜೋಡಿಸಿದರೆ ಬೆಳಕು ಮುಲಾಮಿನ ಪದರದಲ್ಲೇ ನಿಂತುಹೋಗುತ್ತದೆ, ಇಲ್ಲವೇ ಚರ್ಮ ಸುಡುತ್ತದೆ. ಆದ್ದರಿಂದ ಕೇಳಬೇಕಾದ್ದು, ಯಾವ ಲೇಸರ್‌ಗೆ ಯಾವ ಮುಲಾಮು ಮತ್ತು ಅದನ್ನು ಹಚ್ಚುವುದು ಬೆಳಕಿಗೆ ಮೊದಲೋ ಆಮೇಲೋ ಎಂದು.

ಮೊದಲು, ಯಾವ ಲೇಸರ್ ಎಂದು ಕೇಳಿ

ಚರ್ಮದ ಚಿಕಿತ್ಸಾಲಯಗಳಲ್ಲಿ ಕೂದಲು ತೆಗೆಯಲು, ಮೊಡವೆಯ ಗುಳಿ ತುಂಬಿಸಲು, ಹಚ್ಚೆ ಅಳಿಸಲು ಬೇರೆ ಬೇರೆ ಲೇಸರ್‌ಗಳಿರುತ್ತವೆ. ಸೋರಿಯಾಸಿಸ್‌ಗೆ ಹೆಚ್ಚು ಪುರಾವೆ ಇರುವುದು ಎಕ್ಸೈಮರ್ ಲೇಸರ್‌ಗೆ. ಇದರಲ್ಲಿ ಕ್ಸೆನಾನ್ ಮತ್ತು ಕ್ಲೋರಿನ್ ಸೇರಿ 308 ನ್ಯಾನೋಮೀಟರ್ ತರಂಗಾಂತರದ ಬೆಳಕು ಹೊಮ್ಮುತ್ತದೆ. ಸೋರಿಯಾಸಿಸ್ ಮೇಲೆ ಇದರ ಪರಿಣಾಮವನ್ನು ಹಂಗೇರಿಯ ಸಂಶೋಧಕರು 1997ರಲ್ಲಿ ಪ್ರಕಟಿಸಿದರು. 2000ದಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು.

ಲೇಸರ್ ಎಂಬ ಹೆಸರು ಕೇಳಿ ಕಲೆಯನ್ನು ಸುಟ್ಟು ತೆಗೆಯುತ್ತಾರೆಂದು ಹೆದರುವವರಿದ್ದಾರೆ. ಎಕ್ಸೈಮರ್ ಅಂಥದ್ದಲ್ಲ. ಅದು ಯುವಿಬಿ ಎಂಬ ಅತಿನೇರಳೆ (ಯುವಿ) ಕಿರಣ, ಅಂದರೆ ಹಲವು ದಶಕಗಳಿಂದ ಸೋರಿಯಾಸಿಸ್‌ಗೆ ಕೊಡುತ್ತಿರುವ ಬೆಳಕಿನ ಚಿಕಿತ್ಸೆಯದೇ ಕುಟುಂಬ. ಇಡೀ ಮೈಗೆ ಬೆಳಕು ಕೊಡುವ ಪೆಟ್ಟಿಗೆಯಲ್ಲಿ ಬಳಸುವ ನ್ಯಾರೋಬ್ಯಾಂಡ್ ಯುವಿಬಿ ಸುಮಾರು 311 ನ್ಯಾನೋಮೀಟರ್ ಆಸುಪಾಸಿನದು. ಎರಡೂ ಮಾಡುವ ಕೆಲಸ ಒಂದೇ: ಚರ್ಮದೊಳಗೆ ಸೇರಿಕೊಂಡು ಉರಿಯೂತ ಎಬ್ಬಿಸುವ ಟಿ ಕೋಶಗಳೆಂಬ ಬಿಳಿ ರಕ್ತಕಣಗಳನ್ನು ಸಾಯಿಸುವುದು, ಅತಿವೇಗದಲ್ಲಿ ಹುಟ್ಟುವ ಚರ್ಮಕೋಶಗಳನ್ನು ನಿಧಾನಗೊಳಿಸುವುದು. ವ್ಯತ್ಯಾಸ ಇರುವುದು ಗುರಿಯಲ್ಲಿ. ಎಕ್ಸೈಮರ್ ಬೆಳಕು ಬೀಳುವುದು ಕಲೆಯ ಮೇಲೆ ಮಾತ್ರ. ದಪ್ಪಗಾದ ಕಲೆ, ಪಕ್ಕದ ಆರೋಗ್ಯವಂತ ಚರ್ಮಕ್ಕಿಂತ ಹೆಚ್ಚು ಬೆಳಕನ್ನು ತಡೆದುಕೊಳ್ಳುತ್ತದೆ. ಹಾಗಾಗಿ ಇಡೀ ಮೈಗೆ ಕೊಡಲಾಗದಷ್ಟು ಪ್ರಮಾಣವನ್ನು ಅದೊಂದೇ ಜಾಗಕ್ಕೆ ಕೊಡಬಹುದು. ಪೆಟ್ಟಿಗೆಯ ಚಿಕಿತ್ಸೆಗೆ 20ರಿಂದ 30 ಸಲ ಹೋಗಬೇಕಾಗುವಲ್ಲಿ, ಎಕ್ಸೈಮರ್‌ನಲ್ಲಿ 10 ಅಥವಾ ಅದಕ್ಕಿಂತ ಕಡಿಮೆ ಸಿಟಿಂಗ್‌ಗಳಲ್ಲೇ ಹೆಚ್ಚಿನವರ ಕಲೆ ಮುಕ್ಕಾಲು ಭಾಗ ಇಳಿದದ್ದು 2002ರಲ್ಲಿ ಪ್ರಕಟವಾದ, ಹಲವು ಕೇಂದ್ರಗಳಲ್ಲಿ ನಡೆದ ಅಧ್ಯಯನವೊಂದರಲ್ಲಿ ಕಂಡುಬಂತು.

ಎಕ್ಸೈಮರ್ ಲ್ಯಾಂಪ್ ಎಂಬುದೂ ಇದೆ. ಅದರ ಬೆಳಕು 308 ನ್ಯಾನೋಮೀಟರಿನದೇ, ಆದರೆ ಲೇಸರ್ ಅಲ್ಲ. ಒಂದೇ ಸಲಕ್ಕೆ ಹೆಚ್ಚು ಜಾಗ ಮುಚ್ಚುತ್ತದೆ. ಕೇಂದ್ರದಲ್ಲಿ ಲ್ಯಾಂಪ್ ಮಾತ್ರ ಇದೆ ಎಂದರೆ ಬೇಸರಪಡಬೇಕಿಲ್ಲ. ಮುಲಾಮಿನ ಬಗ್ಗೆ ಮುಂದೆ ಹೇಳುವುದೆಲ್ಲ ಅದಕ್ಕೂ ಹೊಂದುತ್ತದೆ.

ಪಲ್ಸ್ಡ್ ಡೈ ಲೇಸರ್ ಬೇರೆಯೇ ಬಗೆಯದು. 585 ಅಥವಾ 595 ನ್ಯಾನೋಮೀಟರಿನ ಅದರ ಬೆಳಕನ್ನು ರಕ್ತದ ಹಿಮೋಗ್ಲೋಬಿನ್ ಹೀರಿಕೊಳ್ಳುತ್ತದೆ. ಸೋರಿಯಾಸಿಸ್ ಕಲೆಯ ಅಡಿಯಲ್ಲಿ ಊದಿ ಸುರುಳಿಗಟ್ಟಿರುವ ಸಣ್ಣ ರಕ್ತನಾಳಗಳು ಅದರಿಂದ ಮುಚ್ಚಿಹೋಗುತ್ತವೆ. ಎಕ್ಸೈಮರ್‌ನಂತೆ ವಾರಕ್ಕೆರಡು ಸಲ ಹೋಗುವ ತಾಪತ್ರಯವಿಲ್ಲ, ಮೂರ್ನಾಲ್ಕು ವಾರಕ್ಕೊಮ್ಮೆ ಸಾಕು. ಆದರೆ ನೋವು ಜಾಸ್ತಿ, ಕೆಲವು ದಿನ ಚರ್ಮ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಸಾಮಾನ್ಯ ಕಲೆಗಳಿಗೆ ಇದನ್ನು ಮೊದಲ ಆಯ್ಕೆಯಾಗಿ ನಾನು ನೋಡುವುದಿಲ್ಲ. ಉಗುರಿನ ಸೋರಿಯಾಸಿಸ್‌ಗೆ ಮಾತ್ರ ಎಕ್ಸೈಮರ್‌ಗಿಂತ ಇದೇ ಮೇಲು. ಇನ್ನು ಚರ್ಮದಲ್ಲಿ ಸಣ್ಣ ರಂಧ್ರ ಮಾಡಿ ಮುಲಾಮು ಒಳಗಿಳಿಸುವ ಫ್ರ್ಯಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರ್. ಸೋರಿಯಾಸಿಸ್ ಇರುವ ಚರ್ಮಕ್ಕೆ ಗಾಯವಾದ ಕಡೆ ಹೊಸ ಕಲೆ ಹುಟ್ಟುವ ಸ್ವಭಾವವಿದೆ. ವೈದ್ಯರು ಇದನ್ನು ಕೆಬ್ನರ್ ಪರಿಣಾಮ ಎನ್ನುತ್ತಾರೆ. ಅದಿರುವಾಗ ಬೇಕೆಂದೇ ಗಾಯ ಮಾಡುವ ದಾರಿಗೆ ಇಳಿಯುವ ಮುನ್ನ ಹತ್ತು ಸಲ ಯೋಚಿಸಬೇಕು.

ಲೇಸರ್ ಯಾರಿಗೆ ಹೊಂದುತ್ತದೆ

ನಿಮ್ಮ ಅಂಗೈಯನ್ನು ಬೆರಳು ಸಮೇತ ಕಲೆಗಳ ಮೇಲಿಟ್ಟು ಅಳೆಯಿರಿ. ಒಂದು ಅಂಗೈಯಷ್ಟು ಜಾಗವೆಂದರೆ ಮೈಯ ಸುಮಾರು 1%. ಒಟ್ಟು 10 ಅಂಗೈ ಮೀರಿದರೆ ಎಕ್ಸೈಮರ್ ಸಾಮಾನ್ಯವಾಗಿ ಸರಿಯಾದ ಆಯ್ಕೆಯಲ್ಲ. ಅದರ ಬೆಳಕಿನ ಚೌಕ ಹೆಚ್ಚೂಕಮ್ಮಿ 2 ಸೆಂಟಿಮೀಟರಿನದು. ಬೆನ್ನುತುಂಬ ಇರುವ ಕಲೆಗಳಿಗೆ ಅದನ್ನು ಒಂದೊಂದಾಗಿ ಇಡುತ್ತ ಹೋದರೆ ಸಿಟಿಂಗ್ ಮುಗಿಯುವುದೇ ಇಲ್ಲ. ಅಷ್ಟು ಹರಡಿದವರಿಗೆ ಪೆಟ್ಟಿಗೆಯ ಬೆಳಕು, ಮಾತ್ರೆ ಅಥವಾ ಉರಿಯೂತದ ಮೂಲವನ್ನೇ ಗುರಿಯಾಗಿಸುವ ಬಯಾಲಾಜಿಕ್ ಚುಚ್ಚುಮದ್ದಿನ ಬಗ್ಗೆ ಮಾತಾಡುವುದು ಒಳ್ಳೆಯದು.

ಒಂದೆರಡು ಅಂಗೈಯಷ್ಟೇ ಇದ್ದು, ಮುಲಾಮನ್ನು ಸರಿಯಾಗಿ ಹಚ್ಚಿ ನೋಡಿಯೇ ಇಲ್ಲವೆಂದರೆ ಲೇಸರ್‌ಗೆ ಆತುರ ಬೇಡ. 'ಸರಿಯಾಗಿ' ಎಂಬ ಮಾತನ್ನು ಒತ್ತಿ ಹೇಳುತ್ತೇನೆ. ದೊಡ್ಡವರ ತೋರುಬೆರಳ ತುದಿಯ ಗೆಣ್ಣಿನುದ್ದ ಟ್ಯೂಬಿನಿಂದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಅದು ಎರಡು ಅಂಗೈಯಷ್ಟು ಜಾಗಕ್ಕೆ ಬೇಕು. ಕಾಳಿನಷ್ಟು ತೆಗೆದು ತೋಳಿಗೆಲ್ಲ ಸವರಿ "ಮುಲಾಮು ನನಗೆ ಹಿಡಿಸಲಿಲ್ಲ" ಎನ್ನುವವರು ಬಹಳ ಮಂದಿ.

ಮುಲಾಮು ಸರಿಯಾಗಿ ಹಚ್ಚಿಯೂ ಬಗ್ಗದ, ಕೆಲವೇ ಕಡೆ ಇರುವ ದಪ್ಪ ಕಲೆಗಳಿಗೆ ಲೇಸರ್ ಹೇಳಿ ಮಾಡಿಸಿದ್ದು. ಆದರೆ ಒಂದು ಷರತ್ತಿದೆ. ವಾರಕ್ಕೆ ಎರಡು ಸಲ, ನಡುವೆ ಕನಿಷ್ಠ 48 ಗಂಟೆ ಬಿಟ್ಟು, ಒಂದೆರಡು ತಿಂಗಳು ಹೋಗಿಬರಲು ಆಗಬೇಕು. ಒಂದು ವಾರ ಹೋಗಿ ಎರಡು ವಾರ ಬಿಟ್ಟರೆ ಪ್ರಮಾಣವನ್ನು ಮತ್ತೆ ಕೆಳಗಿನಿಂದ ಏರಿಸಬೇಕಾಗುತ್ತದೆ. ಕೇಂದ್ರ ದೂರವಿದ್ದು ಹೋಗಿಬರುವುದೇ ಕಷ್ಟವಾದರೆ, ಒಳ್ಳೆಯ ಮುಲಾಮನ್ನು ಶಿಸ್ತಿನಿಂದ ಹಚ್ಚುವುದು ಅರೆಬರೆ ಲೇಸರ್‌ಗಿಂತ ಮೇಲು.

ಜೊತೆಗೆ ಯಾವ ಮುಲಾಮು

ಸ್ಟೀರಾಯ್ಡ್‌ನಿಂದ ಶುರು ಮಾಡೋಣ, ಏಕೆಂದರೆ ಅದು ಬಹುತೇಕ ಎಲ್ಲರ ಕೈಯಲ್ಲೂ ಆಗಲೇ ಇರುತ್ತದೆ. ಕ್ಲೋಬೆಟಾಸಾಲ್ 0.05%, ಬೀಟಾಮೆಥಾಸೋನ್, ಮೊಮೆಟಾಸೋನ್ ಈ ಗುಂಪಿನವು. ಇವು ಉರಿಯೂತವನ್ನು ಬೇಗ ತಗ್ಗಿಸುತ್ತವೆ, ತುರಿಕೆ ಕೆಲವೇ ದಿನಗಳಲ್ಲಿ ಕಡಿಮೆಯಾಗುತ್ತದೆ. ಲೇಸರ್ ಜೊತೆ ಇವನ್ನು ಬಳಸುವುದನ್ನು ಅಮೆರಿಕದ ಚರ್ಮವೈದ್ಯರ ಅಕಾಡೆಮಿ ಮತ್ತು ರಾಷ್ಟ್ರೀಯ ಸೋರಿಯಾಸಿಸ್ ಪ್ರತಿಷ್ಠಾನ 2019ರ ಮಾರ್ಗಸೂಚಿಯಲ್ಲಿ ಒಪ್ಪಿವೆ. ಆದರೆ ಸ್ಟೀರಾಯ್ಡ್‌ನ ಗುಣವೇ ಮೊದಲ ವಾರಗಳಲ್ಲಿ ಹೆಚ್ಚು ಕೊಡುವುದು, ಆಮೇಲೆ ಹೆಚ್ಚು ಕೇಳುವುದು. ಕ್ಲೋಬೆಟಾಸಾಲ್‌ನಂಥ ಬಲವಾದದ್ದನ್ನು 2ರಿಂದ 4 ವಾರ ಮೀರಿ ದಿನವೂ ಹಚ್ಚಬಾರದು, ವಾರಕ್ಕೆ 50 ಗ್ರಾಂ ದಾಟಬಾರದು. ಮೀರಿದರೆ ಚರ್ಮ ತೆಳುವಾಗಿ, ಗೆರೆಗಳೆದ್ದು, ರಕ್ತನಾಳಗಳು ಕಾಣತೊಡಗುತ್ತವೆ. ಥಟ್ಟನೆ ನಿಲ್ಲಿಸಿದರೆ ಕಲೆ ಮೊದಲಿಗಿಂತ ಜೋರಾಗಿ ಮರಳಬಹುದು. ಹಾಗಾಗಿ ಲೇಸರ್‌ನ ಆರಂಭದ ವಾರಗಳಲ್ಲಿ ಸ್ಟೀರಾಯ್ಡ್ ಇರಲಿ, ಬೆಳಕಿನ ಕೆಲಸ ಕಾಣತೊಡಗಿದ ಹಾಗೆ ಅದನ್ನು ನಿಧಾನಕ್ಕೆ ಇಳಿಸಿ. ಲೇಸರ್ ಸೇರಿಸುವುದರಿಂದ ಸಿಗುವ ದೊಡ್ಡ ಲಾಭ ಸ್ಟೀರಾಯ್ಡ್ ಕಡಿಮೆ ಮಾಡಲು ಸಾಧ್ಯವಾಗುವುದೇ ಎಂದು ನಾನು ತಿಳಿಯುತ್ತೇನೆ. ಲೇಸರ್ ಮುಗಿದ ಮೇಲೂ ಸ್ಟೀರಾಯ್ಡ್ ಮೊದಲಿನಷ್ಟೇ ಬೇಕಾದರೆ, ಆ ಜೋಡಣೆಯಿಂದ ಸಿಕ್ಕಿದ್ದು ಅಷ್ಟಕ್ಕಷ್ಟೆ.

ವಿಟಮಿನ್ ಡಿ ಬಗೆಯ ಮುಲಾಮುಗಳು, ಅಂದರೆ ಕ್ಯಾಲ್ಸಿಪೋಟ್ರಿಯಾಲ್ ಮತ್ತು ಕ್ಯಾಲ್ಸಿಟ್ರಿಯಾಲ್, ದೀರ್ಘಕಾಲದ ಜೊತೆಗಾರರು. ಇವು ಚರ್ಮಕೋಶಗಳ ಅತಿವೇಗದ ಬೆಳವಣಿಗೆಗೆ ಕಡಿವಾಣ ಹಾಕುತ್ತವೆ, ಚರ್ಮ ತೆಳುವಾಗಿಸುವುದಿಲ್ಲ. ಕೆಲಸ ನಿಧಾನ, ಮೊದಮೊದಲು ಸ್ವಲ್ಪ ಉರಿ ಇರಬಹುದು. ಕ್ಯಾಲ್ಸಿಟ್ರಿಯಾಲ್ ಆ ವಿಷಯದಲ್ಲಿ ಸೌಮ್ಯ. ವಯಸ್ಕರು ಕ್ಯಾಲ್ಸಿಪೋಟ್ರಿಯಾಲ್ ಅನ್ನು ವಾರಕ್ಕೆ 100 ಗ್ರಾಂ ಮೀರಿ ಹಚ್ಚಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುವ ಅಪಾಯವಿದೆ. ಕೆಲವೇ ಕಲೆ ಇರುವವರು ಆ ಮಿತಿಯ ಹತ್ತಿರ ಹೋಗುವ ಸಂಭವ ಕಡಿಮೆ. ಲೇಸರ್ ಜೊತೆ ಇದನ್ನು ಬಳಸುವವರು ಮರೆಯಬಾರದ ಸಂಗತಿ ಬೇರೆ: ಅತಿನೇರಳೆ ಕಿರಣ ಕ್ಯಾಲ್ಸಿಪೋಟ್ರಿಯಾಲ್ ಅನ್ನು ಕೆಡಿಸುತ್ತದೆ, ಕ್ಯಾಲ್ಸಿಪೋಟ್ರಿಯಾಲ್ ಪದರ ಕಿರಣವನ್ನು ಹೀರಿಕೊಳ್ಳುತ್ತದೆ. ಬೆಳಿಗ್ಗೆ ಹಚ್ಚಿ ಹಾಗೇ ಲೇಸರ್‌ಗೆ ಹೋದರೆ ಔಷಧಿಯೂ ಹಾಳು, ಬೆಳಕೂ ಹಾಳು. ಸಿಟಿಂಗ್ ಮುಗಿದ ಮೇಲೆಯೇ ಹಚ್ಚಬೇಕು.

ಈ ಎರಡನ್ನು ಸರದಿಯಲ್ಲಿ ಬಳಸುವ ಪದ್ಧತಿ ನನಗೆ ಬಹಳ ಹಿಡಿಸುತ್ತದೆ. ಮೊದಲ ತಿಂಗಳು ಎಕ್ಸೈಮರ್ ಜೊತೆ ಕ್ಲೋಬೆಟಾಸಾಲ್, ಆಮೇಲೆ ಅದನ್ನು ನಿಲ್ಲಿಸಿ ಕ್ಯಾಲ್ಸಿಟ್ರಿಯಾಲ್. ಈ ಕ್ರಮವನ್ನು ಸಣ್ಣ ಅಧ್ಯಯನವೊಂದರಲ್ಲಿ ಪ್ರಯೋಗಿಸಿ ಒಳ್ಳೆಯ ಫಲ ಕಂಡಿದ್ದಾರೆ. ಲೇಸರ್-ಮುಲಾಮು ಜೋಡಣೆಯ ಅಧ್ಯಯನಗಳು ಹೆಚ್ಚಾಗಿ ಚಿಕ್ಕವೇ ಎಂಬುದು ನೆನಪಿರಲಿ. ಆದರೂ ಶುರುವಿನಲ್ಲಿ ವೇಗ, ಮುಂದಕ್ಕೆ ಸುರಕ್ಷತೆ ಎಂಬ ತರ್ಕ ಗಟ್ಟಿಯಾಗಿದೆ. ವೈದ್ಯರು ಎರಡೂ ಬೆರೆತ ಮುಲಾಮು ಬರೆದುಕೊಟ್ಟಿದ್ದರೆ ಅದನ್ನೂ ಬೆಳಕಿನ ನಂತರವೇ ಹಚ್ಚಿ.

ಟಜರೋಟೀನ್ ದಪ್ಪ ಕಲೆಗೆ ಒಳ್ಳೆಯದು. ವಿಟಮಿನ್ ಎ ಬಗೆಯ ಈ ಔಷಧಿ ಮೇಲಿನ ಸತ್ತ ಪದರವನ್ನು ತೆಳುವಾಗಿಸಿ ಬೆಳಕಿಗೆ ದಾರಿ ಮಾಡಿಕೊಡುತ್ತದೆ. ಸಮಸ್ಯೆ ಬರುವುದೂ ಅಲ್ಲಿಂದಲೇ. ಹಿಂದಿನ ಸಿಟಿಂಗ್‌ನಲ್ಲಿ ಹಿತವಾಗಿದ್ದ ಪ್ರಮಾಣ ಈಗ ಸುಡಬಹುದು. ನಡುವೆ ಟಜರೋಟೀನ್ ಶುರು ಮಾಡಿದರೆ ಬೆಳಕನ್ನು ಮೂರನೇ ಒಂದು ಭಾಗದಷ್ಟಾದರೂ ಇಳಿಸುವುದು ವಾಡಿಕೆ. ಆದ್ದರಿಂದ ಲೇಸರ್ ಮಾಡುವವರಿಗೆ ತಿಳಿಸದೆ ಇದನ್ನು ಶುರು ಮಾಡಲೇಬೇಡಿ. ಗರ್ಭಿಣಿಯರು, ಗರ್ಭ ಧರಿಸುವ ಯೋಚನೆಯಲ್ಲಿರುವವರು ಇದನ್ನು ಬಳಸುವಂತಿಲ್ಲ.

ಸ್ಯಾಲಿಸಿಲಿಕ್ ಆಮ್ಲ ಹೊಟ್ಟು ಕರಗಿಸುತ್ತದೆ, ಆದರೆ ಯುವಿಬಿಯನ್ನು ತಡೆಯುತ್ತದೆ. ಸಿಟಿಂಗ್‌ಗೆ ಮೊದಲು ಅದು ಚರ್ಮದ ಮೇಲಿದ್ದರೆ ಸನ್‌ಸ್ಕ್ರೀನ್ ಹಚ್ಚಿ ಲೇಸರ್‌ಗೆ ಕೂತ ಹಾಗೆಯೇ. ಹಿಂದಿನ ರಾತ್ರಿ ಹಚ್ಚಿ, ಬೆಳಿಗ್ಗೆ ಹೊಟ್ಟಿನ ಸಮೇತ ತೊಳೆದು ಹೋದರೆ ಮಾತ್ರ ಉಪಯೋಗ. ಇನ್ನೊಂದು ವಿಷಯ, ಇದು ಕ್ಯಾಲ್ಸಿಪೋಟ್ರಿಯಾಲ್ ಅನ್ನು ನಿಷ್ಕ್ರಿಯಗೊಳಿಸುತ್ತದೆ. ಅವೆರಡನ್ನೂ ಒಂದೇ ಜಾಗಕ್ಕೆ ಒಟ್ಟಿಗೆ ಹಚ್ಚಬೇಡಿ. ಸ್ಟೀರಾಯ್ಡ್ ಜೊತೆ ಸ್ಯಾಲಿಸಿಲಿಕ್ ಆಮ್ಲ ಬೆರೆತ ಮುಲಾಮುಗಳೂ ಇರುವುದರಿಂದ ಟ್ಯೂಬಿನ ಮೇಲಿನ ಹೆಸರುಗಳನ್ನು ಓದಿ ನೋಡಿ.

ಟಾರ್ ಮತ್ತು ಡಿತ್ರನಾಲ್ ಹಳೆಯ ಕಾಲದವು. ಕಲ್ಲಿದ್ದಲ ಟಾರ್ ಬಳಿದು ಯುವಿ ಬೆಳಕು ಕೊಡುವ ಗೋಕರ್‌ಮನ್ ಪದ್ಧತಿ 1925ರದ್ದು. ಮುಲಾಮು ಮತ್ತು ಬೆಳಕನ್ನು ಜೋಡಿಸುವ ಯೋಚನೆ ಅಷ್ಟು ಹಿಂದಿನದು. ವಾಸನೆ, ಬಟ್ಟೆಗೆ ಹತ್ತುವ ಕಲೆ ಇವುಗಳಿಂದಾಗಿ ಮನೆಯಲ್ಲಿ ಬಳಸುವುದು ಕಷ್ಟ. ತಲೆಗೆ ಟಾರ್ ಶಾಂಪೂ ಮಾತ್ರ ಇವತ್ತಿಗೂ ಕೆಲಸಕ್ಕೆ ಬರುತ್ತದೆ.

ಟ್ಯಾಕ್ರೋಲಿಮಸ್ ಮತ್ತು ಪಿಮೆಕ್ರೋಲಿಮಸ್ ಮುಖಕ್ಕೆ, ತೊಡೆಸಂದಿಗೆ, ಕಂಕುಳಿಗೆ ಒಳ್ಳೆಯ ಔಷಧಿಗಳು. ಆದರೆ ಇವನ್ನು ಹಚ್ಚುವಾಗ ಬೆಳಕಿನ ಚಿಕಿತ್ಸೆ ಬೇಡವೆಂದು ಔಷಧಿಯ ಸೂಚನಾ ಪತ್ರವೇ ಹೇಳುತ್ತದೆ. ಮುಖದ ಕಲೆಗೆ ಟ್ಯಾಕ್ರೋಲಿಮಸ್, ಮೊಣಕೈಗೆ ಲೇಸರ್ ಎಂದು ಜಾಗ ಹಂಚಿಕೊಂಡರೆ ಗೋಜಲು ಕಡಿಮೆ. ವೈದ್ಯರೇ ಒಂದೇ ಜಾಗಕ್ಕೆ ಎರಡೂ ಸೂಚಿಸಿದರೆ ಕಾರಣ ಕೇಳಿ ತಿಳಿದುಕೊಳ್ಳಿ.

2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟಪಿನರೋಫ್ 1% ಮತ್ತು ರೋಫ್ಲುಮಿಲಾಸ್ಟ್ 0.3% ಕ್ರೀಮ್‌ಗಳಲ್ಲಿ ಸ್ಟೀರಾಯ್ಡ್ ಇಲ್ಲ. ಲೇಸರ್ ಮುಗಿದ ಮೇಲೆ ಕಲೆ ಮರಳದಂತೆ ನೋಡಿಕೊಳ್ಳುವ ಕೆಲಸಕ್ಕೆ ಇವುಗಳ ಬಗ್ಗೆ ಕೇಳಬಹುದು.

ಸಿಟಿಂಗ್ ದಿನ

ಬೆಳಿಗ್ಗೆ ಸ್ನಾನ ಮಾಡಿ ಹೊಟ್ಟನ್ನು ಮೆತ್ತಗೆ ತೆಗೆಯಿರಿ, ಕೆರೆಯಬೇಡಿ. ಕಲೆಯ ಮೇಲೆ ಔಷಧಿ, ಸನ್‌ಸ್ಕ್ರೀನ್, ಸುಗಂಧದ್ರವ್ಯ ಯಾವುದೂ ಬೇಡ. ಹೊಟ್ಟು ಉಳಿದಿದ್ದರೆ ಮಿನರಲ್ ಆಯಿಲ್‌ನ ತೆಳು ಲೇಪ ಸಹಾಯ ಮಾಡುತ್ತದೆ. ಹೊಟ್ಟಿನ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಬೆಳಕನ್ನು ಚದುರಿಸುವುದು. ಒಣ ಕಾಗದಕ್ಕೆ ಎಣ್ಣೆ ಸವರಿದಾಗ ಬೆಳಕು ಹಾಯುವ ಹಾಗೆ, ಆ ಎಡೆಗಳಲ್ಲಿ ಎಣ್ಣೆ ತುಂಬಿದರೆ ಕಿರಣ ಒಳಗಿಳಿಯುತ್ತದೆ. ಆದರೆ ಪೆಟ್ರೋಲಿಯಂ ಜೆಲ್ಲಿಯನ್ನು ದಪ್ಪಗೆ ಮೆತ್ತಿದರೆ ಫಲ ತಿರುಗುಮುರುಗು. ಎಣ್ಣೆ ಹಚ್ಚುವುದಿದ್ದರೆ ಪ್ರತಿ ಸಲವೂ ಹಚ್ಚಿ. ಒಂದು ಸಲ ಹಚ್ಚಿ ಇನ್ನೊಂದು ಸಲ ಬಿಟ್ಟರೆ ಒಳಗೆ ಹೋಗುವ ಬೆಳಕು ಹೆಚ್ಚುಕಡಿಮೆಯಾಗಿ ಪ್ರಮಾಣದ ಲೆಕ್ಕ ತಪ್ಪುತ್ತದೆ.

ಸಿಟಿಂಗ್ ವೇಳೆ ರೋಗಿಗೂ ಲೇಸರ್ ಹಿಡಿದವರಿಗೂ ಕಣ್ಣಿಗೆ ಕನ್ನಡಕ ಕಡ್ಡಾಯ. ಮುಗಿದು ಮನೆಗೆ ಬಂದ ಮೇಲೆ ನಿಮ್ಮ ಮುಲಾಮು, ಅದರ ಜೊತೆ ಧಾರಾಳವಾಗಿ ಮಾಯಿಶ್ಚರೈಸರ್. ಆ ದಿನ ಕಲೆಯ ಮೇಲೆ ಬಿಸಿಲು ಬೇಡ.

ಗೋಧಿ ಮತ್ತು ಕಪ್ಪು ಚರ್ಮದವರು ಕೇಳಲೇಬೇಕಾದ್ದು

ಪ್ರಮಾಣ ನಿರ್ಧರಿಸಲು ಎರಡು ದಾರಿಗಳಿವೆ. ಒಂದು, ಆರೋಗ್ಯವಂತ ಚರ್ಮದ ಮೇಲೆ ಏರಿಕೆಯ ಕ್ರಮದಲ್ಲಿ ಬೆಳಕು ಬಿಟ್ಟು, ಎಷ್ಟಕ್ಕೆ ಕೆಂಪಾಗುತ್ತದೆಂದು ಮಾರನೆಯ ದಿನ ನೋಡುವುದು. ಇನ್ನೊಂದು, ಚರ್ಮದ ಬಣ್ಣ ಮತ್ತು ಕಲೆಯ ದಪ್ಪ ನೋಡಿ ಅಂದಾಜಿಸುವುದು. ಹಿಂದಿನ ಸಲ ಎಷ್ಟು ಕೆಂಪಾಯಿತು ಎಂಬುದರ ಮೇಲೆ ಮುಂದಿನ ಪ್ರಮಾಣ ಏರುತ್ತದೆ ಅಥವಾ ಇಳಿಯುತ್ತದೆ. ಕಪ್ಪು ಮೈಬಣ್ಣದಲ್ಲಿ ಆ ಕೆಂಪು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಅದು ನೇರಳೆಯಂತೆ, ಗಾಢ ಕಂದಿನಂತೆ ಕಾಣುತ್ತದೆ, ಕೆಲವೊಮ್ಮೆ ಬಿಸಿ ಮತ್ತು ನೋವು ಮಾತ್ರ ತಿಳಿಯುತ್ತದೆ. "ಕೆಂಪಾಗಿಲ್ಲ, ಏರಿಸೋಣ" ಎಂದು ಲೇಸರ್ ಮಾಡುವವರು ಹೇಳುವ ಮುನ್ನ, ಹಿಂದಿನ ಸಿಟಿಂಗ್ ಆದ ರಾತ್ರಿ ಉರಿ ಎಷ್ಟಿತ್ತು, ಮುಟ್ಟಿದರೆ ಬಿಸಿ ಅನಿಸಿತೇ, ಎಷ್ಟು ದಿನ ಇತ್ತು ಎಂಬುದನ್ನು ನೀವೇ ಮುಂದಾಗಿ ಹೇಳಿ. ಸಾಧ್ಯವಾದರೆ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡು ತೋರಿಸಿ.

ಕಲೆ ಹೋದ ಮೇಲೆ ಆ ಜಾಗ ಸುತ್ತಲಿಗಿಂತ ಕಪ್ಪಾಗಿ ಉಳಿಯುವುದು ಸಾಮಾನ್ಯ. ಕೆಲವು ತಿಂಗಳಲ್ಲಿ ಅದು ತಿಳಿಯಾಗುತ್ತದೆ. ಬಹಳ ಜನ ಇದನ್ನೇ ರೋಗ ಉಳಿದಿದೆ ಎಂದು ತಿಳಿದು ಸ್ಟೀರಾಯ್ಡ್ ಹಚ್ಚುತ್ತ ಹೋಗುತ್ತಾರೆ. ಬೆರಳಾಡಿಸಿ ನೋಡಿ. ಉಬ್ಬಿಲ್ಲ, ಹೊಟ್ಟಿಲ್ಲ, ನುಣುಪಾಗಿದೆ ಎಂದರೆ ಅಲ್ಲಿ ಉಳಿದಿರುವುದು ಬಣ್ಣವಷ್ಟೇ. ಅದಕ್ಕೆ ಸ್ಟೀರಾಯ್ಡೂ ಬೇಡ, ಲೇಸರ್ರೂ ಬೇಡ.

ಜಾಗದಿಂದ ಜಾಗಕ್ಕೆ

ಮೊಣಕೈ, ಮೊಣಕಾಲು ನಿಧಾನ. ಹೊಟ್ಟೆ, ಬೆನ್ನಿನ ಕಲೆ ಹೋದ ಮೇಲೂ ಅವು ಉಳಿದಿರುತ್ತವೆ. ಅಲ್ಲಿ ಸ್ಟೀರಾಯ್ಡ್-ವಿಟಮಿನ್ ಡಿ ಸರದಿಯ ಜೊತೆ ಎಕ್ಸೈಮರ್ ನನ್ನ ಮೊದಲ ಆಯ್ಕೆ. ಅಂಗೈ, ಅಂಗಾಲಿನ ಚರ್ಮ ಇನ್ನೂ ದಪ್ಪ. ಅಲ್ಲಿಗೆ ಹೆಚ್ಚು ಪ್ರಮಾಣ, ಹೆಚ್ಚು ಸಿಟಿಂಗ್ ಬೇಕೆಂದು ಮೊದಲೇ ತಿಳಿದು ಹೋದರೆ ನಡುವೆ ಕೈಬಿಡುವುದು ತಪ್ಪುತ್ತದೆ. ತಲೆಯಲ್ಲಿ ಕೂದಲೇ ಅಡ್ಡಿ. ಬೈತಲೆ ತೆಗೆಯುತ್ತ ಅಥವಾ ಗಾಳಿಯೂದಿ ಕೂದಲು ಸರಿಸಿ ಬೆಳಕು ಕೊಡುತ್ತಾರೆ, ಸಹನೆ ಬೇಕಾದ ಕೆಲಸ. ಮುಲಾಮಿನ ಬದಲು ಲೋಷನ್, ಫೋಮ್ ಅಲ್ಲಿಗೆ ಅನುಕೂಲ. ಕಂಕುಳು, ತೊಡೆಸಂದಿ, ಜನನಾಂಗದ ಸುತ್ತ ಚರ್ಮ ತೆಳು, ಬೇಗ ಸುಡುತ್ತದೆ. ಅಲ್ಲಿಗೆ ಸೌಮ್ಯ ಮುಲಾಮುಗಳೇ ಸಾಕೆಂಬುದು ನನ್ನ ನಿಲುವು.

ಲೇಸರ್ ಬೇಡ ಅಥವಾ ಕಾದು ನೋಡಿ ಎನ್ನಬೇಕಾದಾಗ

ದೇಹದ ರಕ್ಷಣಾ ವ್ಯವಸ್ಥೆಯೇ ದೇಹಕ್ಕೆ ತಿರುಗಿಬೀಳುವ ಲೂಪಸ್ ರೋಗ ಇರುವವರು, ಚರ್ಮದ ಕ್ಯಾನ್ಸರ್ ಬಂದುಹೋದವರು ವೈದ್ಯರಿಗೆ ತಿಳಿಸದೆ ಯಾವ ಯುವಿ ಚಿಕಿತ್ಸೆಗೂ ಕೂರಬಾರದು. ಡಾಕ್ಸಿಸೈಕ್ಲಿನ್ ಮತ್ತು ಬೇರೆ ಕೆಲವು ಆಂಟಿಬಯೋಟಿಕ್‌ಗಳು, ರಕ್ತದೊತ್ತಡಕ್ಕೆ ಕೊಡುವ ಥಯಜೈಡ್ ಮಾತ್ರೆ ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುತ್ತವೆ. ಚಿಕಿತ್ಸೆಯ ನಡುವೆ ಜ್ವರಕ್ಕೋ ಹಲ್ಲುನೋವಿಗೋ ಹೊಸ ಮಾತ್ರೆ ಶುರುವಾದರೆ ಮುಂದಿನ ಸಿಟಿಂಗ್‌ಗೆ ಮೊದಲು ಹೇಳಿ. ರೋಗನಿರೋಧಕ ಶಕ್ತಿ ತಗ್ಗಿಸುವ ಸೈಕ್ಲೋಸ್ಪೋರಿನ್ ತೆಗೆದುಕೊಳ್ಳುವವರಿಗೆ ಯುವಿ ಸೇರಿಸಿದರೆ ಚರ್ಮದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಗುಳ್ಳೆ ಎದ್ದಿದ್ದರೆ ಅದು ಆರುವ ತನಕ ಆ ಜಾಗ ಬಿಟ್ಟುಬಿಡಬೇಕು, ಇಲ್ಲದಿದ್ದರೆ ಸುಟ್ಟ ಜಾಗದಲ್ಲೇ ಹೊಸ ಕಲೆ ಏಳಬಹುದು.

ಬೆರಳಿನ ಗೆಣ್ಣು ಊದುವುದು, ಬೆಳಿಗ್ಗೆ ಎದ್ದಾಗ ಕೀಲು ಬಿಗಿದಿರುವುದು, ಹಿಮ್ಮಡಿ ನೋಯುವುದು ಇದ್ದರೆ ಲೇಸರ್-ಮುಲಾಮಿನ ಲೆಕ್ಕಾಚಾರವನ್ನು ಬದಿಗಿಟ್ಟು ಮೊದಲು ಅದನ್ನು ತೋರಿಸಿ. ಸೋರಿಯಾಸಿಸ್‌ನ ಸಂಧಿವಾತಕ್ಕೆ ಚರ್ಮದ ಮೇಲಿನ ಯಾವ ಚಿಕಿತ್ಸೆಯೂ ತಾಗುವುದಿಲ್ಲ. ತಡಮಾಡಿದರೆ ಕೀಲು ಸವೆಯುತ್ತದೆ, ಸವೆದದ್ದು ಮರಳಿ ಬರುವುದಿಲ್ಲ.

ಕಲೆ ಹೋದ ಮೇಲೆ, ಅಥವಾ ಹೋಗದಿದ್ದರೆ

ಲೇಸರ್ ಸೋರಿಯಾಸಿಸ್‌ನ ಬೇರು ಕೀಳುವುದಿಲ್ಲ. ಸಿಗುವುದು ಕೆಲವು ತಿಂಗಳ ಬಿಡುವು. ಆ ಬಿಡುವನ್ನು ಮುಂದಕ್ಕೆ ಎಳೆಯುವುದು ಮುಲಾಮಿನ ಕೆಲಸ. ಕ್ಯಾಲ್ಸಿಪೋಟ್ರಿಯಾಲ್-ಬೀಟಾಮೆಥಾಸೋನ್ ಬೆರೆತ ಫೋಮ್ ಅನ್ನು ಕಲೆ ಹೋದ ಜಾಗಕ್ಕೆ ವಾರಕ್ಕೆ ಎರಡು ಸಲದಂತೆ ಒಂದು ವರ್ಷ ಹಚ್ಚಿದವರಲ್ಲಿ ರೋಗ ಮರಳುವುದು ತಡವಾದದ್ದನ್ನು ಪಿಎಸ್‌ಒ-ಲಾಂಗ್ ಎಂಬ ಅಧ್ಯಯನ ತೋರಿಸಿದೆ. ಲೇಸರ್ ನಂತರವೂ ಇಂಥದೊಂದು ಕ್ರಮ ಇಟ್ಟುಕೊಳ್ಳಿ. ಕಲೆ ಏಳುವ ತನಕ ಕಾದು ಮತ್ತೆ ದಿನಕ್ಕೆರಡು ಸಲ ಸ್ಟೀರಾಯ್ಡ್ ಬಳಿಯುವುದಕ್ಕಿಂತ ವಾರಕ್ಕೆರಡು ದಿನ ಹಚ್ಚುವುದೇ ಮೇಲು.

ತಪ್ಪದೆ ಹೋಗಿ, ಮುಲಾಮನ್ನೂ ಹೊತ್ತಿಗೆ ಸರಿಯಾಗಿ ಹಚ್ಚಿ, 10–12 ಸಿಟಿಂಗ್ ಆದ ಮೇಲೂ ಕಲೆ ಅರ್ಧದಷ್ಟೂ ಇಳಿದಿಲ್ಲವೆಂದರೆ ಇನ್ನೂ ಹತ್ತು ಸಿಟಿಂಗ್‌ಗೆ ಒಪ್ಪುವ ಮುನ್ನ ಮೂರು ವಿಷಯ ಕೇಳಿ. ಪ್ರಮಾಣ ಸಾಕಷ್ಟು ಏರಿದೆಯೇ, ಇದು ನಿಜಕ್ಕೂ ಸೋರಿಯಾಸಿಸ್ಸೇ, ಈ ಹೊತ್ತಿಗೆ ಮಾತ್ರೆಯೋ ಚುಚ್ಚುಮದ್ದೋ ಹೆಚ್ಚು ಸೂಕ್ತವೇ. ಶಿಲೀಂಧ್ರದ ಸೋಂಕು, ಹಳೆಯ ಎಸ್ಜಿಮಾ ಇವೂ ಸೋರಿಯಾಸಿಸ್‌ನಂತೆಯೇ ಕಾಣುವುದುಂಟು. ಅನುಮಾನವಿದ್ದರೆ ಚರ್ಮ ಕೆರೆದು ಮಾಡುವ ಪರೀಕ್ಷೆ ಅಥವಾ ಸಣ್ಣ ಬಯಾಪ್ಸಿ ಆ ಪ್ರಶ್ನೆಯನ್ನು ಬಗೆಹರಿಸುತ್ತದೆ.